ನಮ್ಮ ಸಾರಿಗೆ ಯಾವ ವೈನ್? ಸ್ಟುಟ್‌ಗಾರ್ಟ್‌ಗೆ ಹೊಸದಾಗಿ ಬಂದವರಿಗೆ

ಇಲ್ಲಿಗೆ ಹೊಸದಾಗಿ ಬಂದವರು ಮೊದಲ ತಿಂಗಳಲ್ಲೇ ಎರಡು ಪ್ರಶ್ನೆ ಕೇಳುತ್ತಾರೆ. ತೊಗರಿಬೇಳೆ ಎಲ್ಲಿ ಸಿಗುತ್ತೆ? ಆಫೀಸಿನವರು ಮನೆಗೆ ಊಟಕ್ಕೆ ಕರೆದಿದ್ದಾರೆ, ಯಾವ ವೈನ್ ತಗೊಂಡು ಹೋಗಲಿ? ಬೇಳೆಯ ವಿಷಯ ಒಂದು ಮಾತಿನಲ್ಲಿ ಮುಗಿಯುತ್ತದೆ. ವೈನ್ ವಿಷಯ ಹಾಗಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಕುಡಿಯುವ ಅಭ್ಯಾಸ ಇಲ್ಲದವರು ಇಲ್ಲಿಗೆ ಬಂದ ಮಾತ್ರಕ್ಕೆ ಶುರು ಮಾಡಬೇಕಾಗಿಲ್ಲ. ಬೇಡ ಅಂದರೆ ಇಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ. ದ್ರಾಕ್ಷಿ ಬೆಳೆಯುವವರೇ ಒಳ್ಳೆಯ ದ್ರಾಕ್ಷಿ ರಸವನ್ನೂ ಮಾರುತ್ತಾರೆ. ಬಾಟಲಿ ಮೇಲೆ ‘ಟ್ರೌಬೆನ್‌ಸಾಫ್ಟ್’ ಅಂತ ಬರೆದಿರುತ್ತದೆ. ಊಟಕ್ಕೆ ಹೋಗುವಾಗ ಅದನ್ನು ಕೊಟ್ಟರೂ ಸಂತೋಷದಿಂದ ತೆಗೆದುಕೊಳ್ಳುತ್ತಾರೆ.

ನಾನು ಬಂದ ಹೊಸದರಲ್ಲಿ, ವೈನ್ ಅಂದರೆ ಕೆಂಪು, ದಪ್ಪ, ದುಬಾರಿ ಅಂತ ನಂಬಿದ್ದೆ. ಒಂದು ಭಾನುವಾರ ನಾಲ್ಕು ಜನ ಗೆಳೆಯರನ್ನು ಕರೆದು, ಊರಿಂದ ತಂದ ಖಾರದ ಪುಡಿ ಹಾಕಿ ಕೋಳಿ ಸಾರು ಮಾಡಿದ್ದೆ. ಜೊತೆಗೆ 20 ಯೂರೋ ಕೊಟ್ಟು ತಂದ ಕೆಂಪು ವೈನ್, ಆಲ್ಕೋಹಾಲ್ ಶೇ. 14.5. ಎರಡು ತುತ್ತು ತಿಂದು ಒಂದು ಗುಟುಕು ಕುಡಿದವರ ಕಣ್ಣಲ್ಲಿ ನೀರು. ಸಾರೂ ಕೆಟ್ಟಿತು, ವೈನೂ ಕೆಟ್ಟಿತು. ಮುದ್ದೆ ನುಂಗಿ ಮಜ್ಜಿಗೆ ಕುಡಿದು ಊಟ ಮುಗಿಸಿದೆವು.

ಯಾಕೆ ಹಾಗಾಯಿತು ಅಂತ ಆಮೇಲೆ ಗೊತ್ತಾಯಿತು. ಆಲ್ಕೋಹಾಲ್ ಜಾಸ್ತಿ ಇದ್ದಷ್ಟೂ ಮೆಣಸಿನಕಾಯಿಯ ಉರಿ ಜಾಸ್ತಿಯಾಗುತ್ತದೆ. ಕೆಂಪು ವೈನಿನಲ್ಲಿರುವ ಒಗರು, ಅಂದರೆ ಟ್ಯಾನಿನ್, ಖಾರದ ಜೊತೆ ಸೇರಿದರೆ ನಾಲಿಗೆ ಕೆರೆದಂತಾಗುತ್ತದೆ. ಉರಿಯನ್ನು ಸಮಾಧಾನ ಮಾಡುವುದು ಸ್ವಲ್ಪ ಸಿಹಿ, ತಂಪು ಮತ್ತು ಕಡಿಮೆ ಆಲ್ಕೋಹಾಲ್. ಹುಣಸೆಹುಳಿ, ನಿಂಬೆಹುಳಿ ಇರುವ ಅಡುಗೆಗೆ ವೈನಿನಲ್ಲೂ ಹುಳಿ ಇರಬೇಕು, ಇಲ್ಲದಿದ್ದರೆ ವೈನ್ ಸಪ್ಪೆ ಅನಿಸುತ್ತದೆ. ಇದಿಷ್ಟೂ ಒಂದೇ ಬಾಟಲಿಯಲ್ಲಿ, ಕಡಿಮೆ ಬೆಲೆಗೆ ಸಿಗುವ ದೇಶಕ್ಕೇ ನಾವು ಬಂದಿದ್ದೇವೆ. ಜರ್ಮನಿಯ ರೀಸ್ಲಿಂಗ್ ದ್ರಾಕ್ಷಿಯ ಬಿಳಿ ವೈನ್ ನಮ್ಮ ಅಡುಗೆಗೆ ಹೇಳಿ ಮಾಡಿಸಿದಂತಿದೆ.

ಅಂಗಡಿಯಲ್ಲಿ ಬಾಟಲಿಗಳ ಸಾಲಿನ ಮುಂದೆ ನಿಂತು ಗಾಬರಿಯಾಗಬೇಡಿ. ನಾಲ್ಕು ಪದ ಓದಲು ಬಂದರೆ ಸಾಕು. ‘ಟ್ರಾಕೆನ್’ ಅಂದರೆ ಸಿಹಿ ಇಲ್ಲದ್ದು, ಸಕ್ಕರೆ ಲೀಟರಿಗೆ ಹೆಚ್ಚೆಂದರೆ 9 ಗ್ರಾಂ. ‘ಹಾಲ್ಬ್‌ಟ್ರಾಕೆನ್’ ಅರೆ ಸಿಹಿ, 18 ಗ್ರಾಂ ತನಕ ಹೋಗಬಹುದು. ‘ಫೈನ್‌ಹೆರ್ಬ್’ ಅನ್ನುವುದಕ್ಕೆ ಕಾನೂನಿನ ಅಳತೆ ಇಲ್ಲ, ಆದರೆ ಅದೂ ಅರೆ ಸಿಹಿಯ ಆಸುಪಾಸು. ‘ಲೀಬ್ಲಿಷ್’ ಅಂದರೆ ಚೆನ್ನಾಗಿಯೇ ಸಿಹಿ. ಇದ್ಯಾವುದೂ ಬರೆದಿಲ್ಲ ಅಂದರೆ ಆಲ್ಕೋಹಾಲ್ ಅಂಕಿ ನೋಡಿ. ರೀಸ್ಲಿಂಗ್ ಬಾಟಲಿಯಲ್ಲಿ ಶೇ. 8 ಅಥವಾ 9 ಅಂತಿದ್ದರೆ ದ್ರಾಕ್ಷಿಯ ಸಕ್ಕರೆ ಪೂರ್ತಿ ಹುದುಗಿ ಆಲ್ಕೋಹಾಲ್ ಆಗಿಲ್ಲ, ಸಿಹಿ ಉಳಿದಿದೆ ಅಂತ ಅರ್ಥ. 12ಕ್ಕಿಂತ ಮೇಲಿದ್ದರೆ ಸಾಮಾನ್ಯವಾಗಿ ಸಿಹಿ ಇಲ್ಲದ್ದು.

ಒಂದು ಸಲ ಹೀಗೆ ಮಾಡಿ ನೋಡಿ. ಬಿಸಿಬೇಳೆಬಾತ್ ಮಾಡಿ, ಮೇಲೆ ತುಪ್ಪ, ಬೂಂದಿ. ಮೋಸೆಲ್ ನದಿಯ ದಂಡೆಯ ರೀಸ್ಲಿಂಗ್, ಲೇಬಲ್ಲಿನಲ್ಲಿ ‘ಕಾಬಿನೆಟ್’ ಅಂತಿರುವ ಹಗುರ ಬಗೆ, ಆಲ್ಕೋಹಾಲ್ ಶೇ. 9ರ ಒಳಗಿನದು, ಎರಡು ಗಂಟೆ ಫ್ರಿಜ್ಜಿನಲ್ಲಿಟ್ಟಿರಿ. ತುತ್ತು ನುಂಗಿದ ಮೇಲೆ ಚಕ್ಕೆ, ಮೊಗ್ಗಿನ ಘಮ ಇನ್ನೂ ಬಾಯಲ್ಲಿರುವಾಗಲೇ ಒಂದು ಗುಟುಕು. ಮೊದಲು ಸೇಬಿನಂಥ ಹುಳಿ, ಹಿಂದೆಯೇ ಸಣ್ಣ ಸಿಹಿ. ಖಾರ ಇಳಿಯುತ್ತದೆ, ಮಸಾಲೆಯ ಪರಿಮಳ ಮಾತ್ರ ಉಳಿಯುತ್ತದೆ. ಹುಣಸೆಹುಳಿ, ಬೆಲ್ಲ ಎರಡೂ ಬೀಳುವ ನಮ್ಮ ಕಡೆಯ ಹುಳಿಗೂ ಇದೇ ವೈನ್ ಹೊಂದುತ್ತದೆ. ಯಾಕೆಂದರೆ ಇದರಲ್ಲೂ ಹುಳಿ, ಸಿಹಿ ಎರಡೂ ಜೊತೆಗಿವೆ. ತೆಂಗಿನಹಾಲಿನ ಕೋರಿ ಗಸಿ, ಮೀನು ಗಸಿಗೆ ಶಾಯ್‌ರೇಬೆ ಅನ್ನುವ ತಳಿ ಹುಡುಕಿ. 1916ರಲ್ಲಿ ಗೇಯೋರ್ಗ್ ಶಾಯ್ ಅನ್ನುವವರು ಬೆಳೆಸಿದ ತಳಿ ಇದು. ಹಣ್ಣಿನ ಪರಿಮಳ ಜಾಸ್ತಿ, ಹೆಸರು ಕಮ್ಮಿ, ಹಾಗಾಗಿ ಬೆಲೆಯೂ ಕಮ್ಮಿ. ಉಪ್ಪಿನಕಾಯಿ ಮಾತ್ರ ತಟ್ಟೆಯಿಂದ ದೂರ ಇಡಿ. ಅದರ ಮುಂದೆ ಯಾವ ವೈನೂ ನಿಲ್ಲುವುದಿಲ್ಲ.

ಈಗ ನಮ್ಮೂರಿನ, ಅಂದರೆ ಸ್ಟುಟ್‌ಗಾರ್ಟ್ ಸುತ್ತಲಿನ ಈ ವುರ್ಟೆಂಬರ್ಗ್‌ನ ಕೆಂಪು ವೈನ್. ಟ್ರೋಲಿಂಗರ್ ಅಂತ ಹೆಸರು. ಇಟಲಿಯ ದಕ್ಷಿಣ ಟಿರೋಲಿನಲ್ಲಿ ಇದೇ ದ್ರಾಕ್ಷಿಗೆ ವೆರ್ನಾಚ್ ಅನ್ನುತ್ತಾರೆ. ತೆಳು ಕೆಂಪು, ಒಗರು ಕಮ್ಮಿ, ತುಸು ತಣ್ಣಗೆ ಕುಡಿಯಬಹುದು. ಹೊರಗಿನವರು ಇದನ್ನು ಅಷ್ಟಾಗಿ ಮೆಚ್ಚುವುದಿಲ್ಲ. ಅವರ ಮಾತು ಕೇಳಿ ಬಿಟ್ಟುಬಿಡಬೇಡಿ. ಕೆಂಪು ವೈನೇ ಬೇಕು, ಸಾರೂ ಬೇಕು ಅನ್ನುವ ನಮ್ಮವರಿಗೆ ಇದು ಸರಿಯಾದ ದಾರಿ. ರೈತರ ಸಹಕಾರ ಸಂಘಗಳು ಇದನ್ನು ಒಂದು ಲೀಟರ್ ಬಾಟಲಿಯಲ್ಲೇ ಮಾರುತ್ತವೆ. ನಾನು 6 ಯೂರೋ ಸುತ್ತಮುತ್ತ ಕೊಡುತ್ತೇನೆ. ಇನ್ನೂ ಗಟ್ಟಿ ಬೇಕಿದ್ದರೆ ಲೆಂಬರ್ಗರ್. ಮಟನ್ ಚಾಪ್ಸ್, ಖಾರ ಹದವಾಗಿದ್ದರೆ, ಅದರ ಜೊತೆ ಚೆನ್ನ.

ಟ್ರೋಲಿಂಗರ್ ಕುಡಿಯಬೇಕಾದ ಜಾಗ ‘ಬೇಜೆನ್’. ಬೇಜೆನ್ ಅಂದರೆ ಪೊರಕೆ. ದ್ರಾಕ್ಷಿ ರೈತರು ವರ್ಷಕ್ಕೆ ಹೆಚ್ಚೆಂದರೆ ನಾಲ್ಕು ತಿಂಗಳು, 40 ಆಸನದೊಳಗೆ, ತಮ್ಮದೇ ವೈನ್ ಮಾರುವ ಜಾಗ. ತೆರೆದಿದೆ ಅನ್ನುವುದಕ್ಕೆ ಗುರುತಾಗಿ ಬಾಗಿಲಿಗೆ ಒಂದು ಪೊರಕೆ ಕಟ್ಟಿರುತ್ತಾರೆ. ಒಳಗೆ ಉದ್ದ ಬೆಂಚು, ಗುರುತಿಲ್ಲದವರ ಪಕ್ಕದಲ್ಲೇ ಕೂರಬೇಕು. ಕಾಲು ಲೀಟರ್ ವೈನ್ ಹಿಡಿಯುವ ಲೋಟಕ್ಕೆ ಹಿಡಿ ಇರುತ್ತದೆ. ಅಳತೆಗೆ ‘ಫಿರ್ಟೆಲೆ’ ಅನ್ನುತ್ತಾರೆ. ನನಗೆ ಇಲ್ಲಿನ ಆಡುಮಾತು ಕಿವಿಗೆ ಬಿದ್ದದ್ದು ಕೋರ್ಸಿನಲ್ಲಲ್ಲ, ಇಂಥ ಬೆಂಚಿನ ಮೇಲೆ. ಊಟದಲ್ಲಿ ಹಂದಿ ಮಾಂಸ ಜಾಸ್ತಿ. ಸಸ್ಯಾಹಾರಿಗಳು ಕೇಸೆಶ್ಪೆಟ್ಸ್‌ಲೆ ಕೇಳಿ, ಚೀಸು ಹಾಕಿದ ಗಿಡ್ಡ ಶಾವಿಗೆಯಂಥದ್ದು, ಆದರೆ ಹಿಟ್ಟಿನಲ್ಲಿ ಮೊಟ್ಟೆ ಇರುತ್ತದೆ. ಶರತ್ಕಾಲದಲ್ಲಿ ಹೋದರೆ ಈರುಳ್ಳಿ ಕೇಕು, ಜೊತೆಗೆ ಇನ್ನೂ ಹುಳಿಯುತ್ತಲೇ ಇರುವ ಹೊಸ ವೈನ್ ಸಿಗುತ್ತದೆ. ಈರುಳ್ಳಿ ಕೇಕಿಗೆ ಹಂದಿಯ ಚೂರು ಹಾಕುತ್ತಾರೆ, ಮೊದಲೇ ಕೇಳಿ. ಆ ಹೊಸ ವೈನಿನ ಬಾಟಲಿಗೆ ಮುಚ್ಚಳ ಬಿಗಿ ಇರುವುದಿಲ್ಲ. ಬ್ಯಾಗಿನಲ್ಲಿ ಮಲಗಿಸಿದರೆ ಬಟ್ಟೆಯೆಲ್ಲ ಒದ್ದೆ!

ಸಹೋದ್ಯೋಗಿಯ ಮನೆಗೆ ಹೋಗುವಾಗ ಅವರ ಅಡುಗೆ ನೋಡಿ ಆರಿಸಿ. ವಸಂತದಲ್ಲಿ ಕರೆದರೆ ಬಿಳಿ ಶ್ಪಾರ್ಗೆಲ್, ಅಂದರೆ ಆಸ್ಪ್ಯಾರಗಸ್ ಅನ್ನುವ ತರಕಾರಿ, ಮಾಡುತ್ತಾರೆ. ಜೂನ್ 24ರ ತನಕ ಎಲ್ಲರ ಮನೆಯಲ್ಲೂ ಅದೇ. ಅದಕ್ಕೆ ಫ್ರಾಂಕೆನ್ ಪ್ರದೇಶದ ಸಿಲ್ವಾನರ್ ಅನ್ನುವ ಬಿಳಿ ವೈನ್ ಒಯ್ಯಿರಿ. ಚಪ್ಪಟೆ ಹೊಟ್ಟೆಯ ಬಾಟಲಿ, ದೂರದಿಂದಲೇ ಗೊತ್ತಾಗುತ್ತದೆ. ಲೇಬಲ್ಲಿನಲ್ಲಿ ‘ಗೂಟ್ಸ್‌ಆಬ್‌ಫ್ಯೂಲುಂಗ್’ ಅಂತಿದ್ದರೆ ದ್ರಾಕ್ಷಿ ಬೆಳೆದವರೇ ವೈನ್ ಮಾಡಿ ಬಾಟಲಿಗೆ ತುಂಬಿದ್ದಾರೆ ಅಂತ ಅರ್ಥ. 8 ಯೂರೋದ ಅಂಥ ಬಾಟಲಿ ಕೊಟ್ಟರೆ ಯಾರೂ ಕಡಿಮೆಯೆಂದು ನೋಡುವುದಿಲ್ಲ. ತಿರುಗಿಸಿ ತೆಗೆಯುವ ಮುಚ್ಚಳ ಇದ್ದರೂ ಸಂಕೋಚ ಬೇಡ, ಒಳ್ಳೊಳ್ಳೆಯ ರೈತರೂ ಈಗ ಅದನ್ನೇ ಹಾಕುತ್ತಾರೆ. ಲೋಟ ತಾಗಿಸುವಾಗ ಎದುರಿನವರ ಕಣ್ಣು ನೋಡಿ ‘ತ್ಸುಮ್ ವೋಲ್’ ಅನ್ನಿ.

ಬೇರೆ ದೇಶದವು ಬೇಗ ಹೇಳಿಬಿಡುತ್ತೇನೆ. ಪೋರ್ಚುಗಲ್‌ನ ವಿನ್ಯೊ ವೆರ್ದೆ ಅಗ್ಗ, ಹಗುರ, ಚಿತ್ರಾನ್ನಕ್ಕೆ ಮತ್ತು ಕರಿದ ಮೀನಿಗೆ ಚೆನ್ನ. ಇಟಲಿಯ ಮೊಂಟೆಪುಲ್ಚಾನೊ ದಾಬ್ರುತ್ಸೊ ಟೊಮೇಟೊ ಹಾಕಿದ ಪಾಸ್ತಾಕ್ಕೆ, ಪಿಜ್ಜಾಕ್ಕೆ. ಸ್ಪೇನಿನ ರಿಯೋಹಾ ‘ಕ್ರಿಯಾಂಸಾ’ ಅಂದರೆ ಎರಡು ವರ್ಷ ಹಣ್ಣಾದದ್ದು, ಅದರಲ್ಲಿ ಒಂದು ವರ್ಷವಾದರೂ ಓಕ್ ಪೀಪಾಯಿಯಲ್ಲಿ. ಸುಟ್ಟ ಮಾಂಸಕ್ಕೆ ಅದು. ಬಜ್ಜಿ, ಬೋಂಡ, ಗೋಳಿಬಜೆಗೆ ನೊರೆ ವೈನ್ ಬೇಕು, ಎಣ್ಣೆಯ ಜಿಡ್ಡನ್ನು ಬಾಯಿಂದ ತೊಳೆಯುತ್ತದೆ. ಸ್ಪೇನಿನ ಕಾವಾ ತನ್ನಿ, ಕನಿಷ್ಠ 9 ತಿಂಗಳು ಬಾಟಲಿಯಲ್ಲಿ ಹಣ್ಣಾಗಿರುತ್ತದೆ. ಮೂರು ಯೂರೋದ ನೊರೆ ವೈನ್ ಮಾತ್ರ ಬೇಡ. ಇಲ್ಲಿ ಸಾದಾ ವೈನಿಗೆ ಅಬಕಾರಿ ತೆರಿಗೆ ಸೊನ್ನೆ, ಆದರೆ ನೊರೆ ವೈನಿಗೆ ಬಾಟಲಿಗೆ 1.02 ಯೂರೋ ತೆರಿಗೆ ಇದೆ. 1902ರಲ್ಲಿ ಕೈಸರನ, ಅಂದರೆ ಜರ್ಮನ್ ಚಕ್ರವರ್ತಿಯ, ನೌಕಾಪಡೆಗೆ ಹಣ ಕೂಡಿಸಲು ತಂದ ತೆರಿಗೆ ಇಂದಿಗೂ ಇದೆ. ತೆರಿಗೆ, ಬಾಟಲಿ, ಅಂಗಡಿಯ ಲಾಭ ಕಳೆದರೆ ವೈನಿಗೆ ಏನು ಉಳಿಯುತ್ತದೆ?

ಶುದ್ಧ ಸಸ್ಯಾಹಾರಿಗಳಿಗೆ ಇದನ್ನು ಹೇಳಲೇಬೇಕು. ವೈನನ್ನು ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದ ಪುಡಿ ಬಳಸುತ್ತಾರೆ. 2023ರ ಡಿಸೆಂಬರಿನಿಂದ ಬಾಟಲಿ ಮೇಲೆ ಪದಾರ್ಥಗಳ ಪಟ್ಟಿಗೆ ಕ್ಯೂಆರ್ ಕೋಡ್ ಬಂದಿದೆ. ಆದರೂ ಜೆಲಟಿನ್ ಅದರಲ್ಲಿ ಕಾಣಿಸಬೇಕಾಗಿಲ್ಲ. ‘ವೇಗಾನ್’ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ, ಬೇಕಾದಷ್ಟಿವೆ. ನನ್ನ ಅತ್ತೆಯವರು ಇಲ್ಲಿಗೆ ಬಂದಾಗ ಕೇಕಿನ ಮೊಟ್ಟೆ ವಿಚಾರಿಸಿದಷ್ಟೇ ಶ್ರದ್ಧೆಯಿಂದ ನಾನು ಇದನ್ನೂ ವಿಚಾರಿಸಿ ತರುತ್ತೇನೆ.

ಹಬ್ಬದ ದಿನ ಒಬ್ಬಟ್ಟಿನ ಜೊತೆ ಏನು ಅಂತಲೂ ಕೇಳುತ್ತಾರೆ. ತಿಂಡಿಗಿಂತ ವೈನ್ ಸಿಹಿಯಾಗಿರಬೇಕು, ಇಲ್ಲದಿದ್ದರೆ ಹುಳಿ ನೀರಿನಂತಾಗುತ್ತದೆ. ಚೆನ್ನಾಗಿ ಮಾಗಿದ ದ್ರಾಕ್ಷಿ ಆರಿಸಿ ಮಾಡಿದ ಸಿಹಿ ‘ಔಸ್‌ಲೇಸೆ’ ಒಂದು ಸಣ್ಣ ಲೋಟ ಸಾಕು. ಬೆಂಗಳೂರು ಬ್ಲೂ ದ್ರಾಕ್ಷಿಯ ಸಿಹಿ ವೈನ್ ಕುಡಿದು ಬೆಳೆದ ನಮ್ಮಂಥವರಿಗೆ ಅದು ಮೊದಲ ಗುಟುಕಿನಲ್ಲೇ ಒಗ್ಗುತ್ತದೆ. ಒಗ್ಗಿತು ಅಂತ ಕಾರು ಮುಟ್ಟಬೇಡಿ. ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.5, ಹೊಸ ಲೈಸೆನ್ಸಿನ ಪರೀಕ್ಷಾ ಅವಧಿಯಲ್ಲಿರುವವರಿಗೆ ಸೊನ್ನೆ. ಖಾಲಿ ವೈನ್ ಬಾಟಲಿಗೆ ಸಾಮಾನ್ಯವಾಗಿ ಪ್ಫಾಂಡ್, ಅಂದರೆ ಬಾಟಲಿಯ ಠೇವಣಿ ಹಣ, ವಾಪಸ್ ಬರುವುದಿಲ್ಲ. ಬಣ್ಣ ನೋಡಿ ಗಾಜಿನ ತೊಟ್ಟಿಗೆ ಹಾಕಿ. ಭಾನುವಾರ ಹಾಕಬೇಡಿ, ಸದ್ದಿಗೆ ಅಕ್ಕಪಕ್ಕದವರು ಬೇಸರ ಮಾಡಿಕೊಳ್ಳುತ್ತಾರೆ.