ಕಾಂಗ್ರೆಸ್ ಹುಲ್ಲಿಗೆ ಬೈದೆ, ಸಿಕ್ಕಿದ್ದು ಕೌದಿಯಲ್ಲಿ

ಬೆಳಿಗ್ಗೆ ಎದ್ದ ಕೂಡಲೇ ಸೀನು. ಒಂದಿನ ಸುಮ್ನೆ ಎಣಿಸಿದೆ, ಹಲ್ಲುಜ್ಜಿ ಮುಗಿಸೋ ಹೊತ್ತಿಗೆ 23 ಆಗಿತ್ತು. ಧಾರವಾಡ ಬಿಟ್ಟು ಪುಣೆಗೆ ಬಂದ ಮೂರನೇ ವರ್ಷಕ್ಕೆ ಶುರುವಾಗಿದ್ದು ಇದು. ಮಳೆಗಾಲದಲ್ಲಿ ಇನ್ನೂ ಜಾಸ್ತಿ, ಕಣ್ಣು ತುರಿಸಿ ಕೆಂಪಾಗೋದು, ಮೂಗು ಕಟ್ಟಿ ರಾತ್ರಿಯೆಲ್ಲ ಬಾಯಲ್ಲೇ ಉಸಿರಾಟ.

ತಪ್ಪೆಲ್ಲ ಕಾಂಗ್ರೆಸ್ ಹುಲ್ಲಿನ ಮೇಲೆ ಹಾಕಿದ್ದೆ. ನಾನು ವಾಕಿಂಗ್ ಹೋಗುವ ವೇತಾಳ ಟೇಕಡಿ ಅನ್ನೋ ಗುಡ್ಡದ ದಾರಿಯಲ್ಲಿ, ನಮ್ಮ ಸೊಸೈಟಿ ಪಕ್ಕದ ಖಾಲಿ ಪ್ಲಾಟಿನಲ್ಲಿ, ಮಳೆ ಬಿದ್ದರೆ ಸಾಕು, ಸೊಂಟದೆತ್ತರ ಬೆಳೆದು ಬಿಳಿ ಹೂ ಬಿಡುತ್ತದೆ. ಎಲೆ ಗಜ್ಜರಿ ಎಲೆ ಥರ ಇರೋದಕ್ಕೆ ಇಲ್ಲಿಯವರು ಗಾಜರ್ ಗವತ್ ಅಂತಾರೆ. ಅಮೆರಿಕದ ಗೋಧಿ ಜೊತೆ ಬೀಜ ಬಂತು ಅನ್ನೋ ಮಾತಿದೆ, 1950ರ ದಶಕದಲ್ಲಿ ನಮ್ಮ ದೇಶದಲ್ಲಿ ಮೊದಲು ಎಲ್ಲರ ಗಮನಕ್ಕೆ ಬಂದಿದ್ದು ಇದೇ ಪುಣೆಯಲ್ಲಿ. ಸರಿ, ಕಳ್ಳ ಸಿಕ್ಕ ಅಂದುಕೊಂಡು ಒಂದು ಇಡೀ ಮಳೆಗಾಲ ಕಿಟಕಿ ಬಿಗಿಯಾಗಿ ಮುಚ್ಚಿ ಮಲಗಿದೆ. ಸೀನು ಕಡಿಮೆಯಾಗಲಿಲ್ಲ, ಹೆಚ್ಚಾಯ್ತು. ಟೇಕಡಿ ಮೇಲೆ ಮೂಗು ಎಷ್ಟೋ ಹಗುರ, ಹಾಸಿಗೆಗೆ ಬಂದರೆ ಮತ್ತೆ ಅದೇ ಕಥೆ. ಆಗಲೇ ಅನುಮಾನ ಬರಬೇಕಿತ್ತು, ಬರಲಿಲ್ಲ.

ಕೊನೆಗೆ ಅಲರ್ಜಿ ಡಾಕ್ಟರ ಹತ್ತಿರ ಹೋದೆ. ಟೆಸ್ಟಿಗೆ ಒಂದು ವಾರ ಮೊದಲೇ ಸೀನಿನ ಮಾತ್ರೆ ನಿಲ್ಲಿಸಿ ಅಂದರು, ಇಲ್ಲದಿದ್ದರೆ ಚರ್ಮ ಏನೂ ತೋರಿಸೋದಿಲ್ಲವಂತೆ. ಮುಂಗೈ ಮೇಲೆ ಪೆನ್ನಿನಿಂದ ಗುರುತು ಹಾಕಿ, ಒಂದೊಂದು ಹನಿ ಬಿಟ್ಟು, ಸಣ್ಣದಾಗಿ ಚುಚ್ಚಿದರು. ಹದಿನೈದು ಇಪ್ಪತ್ತು ನಿಮಿಷ ತುರಿಸದೆ ಕೂತುಕೊಳ್ಳಬೇಕು, ಅದೇ ದೊಡ್ಡ ಶಿಕ್ಷೆ. ಕಾಂಗ್ರೆಸ್ ಹುಲ್ಲಿನ ಜಾಗ ಸ್ವಲ್ಪ ಉಬ್ಬಿತು. ಅದರ ಪಕ್ಕದ್ದು ದೊಡ್ಡ ಸೊಳ್ಳೆ ಕಡಿದ ಹಾಗೆ ಬೆಳ್ಳಗೆ ಎದ್ದು ಕೂತಿತ್ತು. ಡಸ್ಟ್ ಮೈಟ್, ಅಂದರೆ ಕಣ್ಣಿಗೆ ಕಾಣದ ಧೂಳಿನ ಹುಳ.

ಈ ಹುಳ ಕಚ್ಚೋದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಹಾಸಿಗೆ, ದಿಂಬಿನಲ್ಲಿ ಬದುಕುತ್ತದೆ, ಅದರ ಹಿಕ್ಕೆಯೇ ನಮಗೆ ಅಲರ್ಜಿ. ನೀರು ಕುಡಿಯೋದಿಲ್ಲ, ಗಾಳಿಯ ತೇವವನ್ನೇ ಹೀರುತ್ತದೆ. ಗಾಳಿಯ ತೇವಾಂಶ ಶೇಕಡಾ 50ಕ್ಕಿಂತ ಕೆಳಗಿದ್ದರೆ ಒಣಗಿ ಸಾಯುತ್ತದೆ. ತೇವ ಅಳೆಯುವ ಚಿಕ್ಕ ಮೀಟರ್ ತಂದು ನೋಡಿದರೆ, ಜುಲೈನಲ್ಲಿ ನಾನು ಕಿಟಕಿ ಮುಚ್ಚಿದ ಕೋಣೆಯಲ್ಲಿ 82! ನಾನೇ ಸಾಕುತ್ತಿದ್ದೆ ಅಲ್ವಾ.

ಏರ್ ಪ್ಯೂರಿಫೈಯರ್ ಬಗ್ಗೆ ಎಲ್ಲರೂ ಕೇಳ್ತಾರೆ. ಈ ಹುಳದ ಧೂಳು ಭಾರ, ಗಾಳಿಯಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ, ಹಾಸಿಗೆಯಲ್ಲೇ ಕೂತಿರುತ್ತದೆ. ಹಾಗಾಗಿ ಆ ದುಡ್ಡನ್ನು ಗಾದಿ, ದಿಂಬುಗಳಿಗೆ ಸುತ್ತಲೂ ಜಿಪ್ ಇರುವ ಒತ್ತು ನೇಯ್ಗೆಯ ಕವರಿಗೆ ಹಾಕಿದೆ. ಬರೀ ಮೇಲೆ ಹಾಸುವ ಶೀಟು ಸಾಲದು, ಗಾದಿ ಪೂರ್ತಿ ಒಳಗೆ ಹೋಗಬೇಕು. ಚಾದರ, ದಿಂಬಿನ ಕವರು ವಾರಕ್ಕೊಮ್ಮೆ ಮಷೀನಿನಲ್ಲಿ 60 ಡಿಗ್ರಿಗೆ. ತಣ್ಣೀರಲ್ಲಿ ಒಗೆದರೆ ಹಿಕ್ಕೆ ಬಹಳಷ್ಟು ಹೋಗುತ್ತದೆ, ಹುಳ ಸಾಯೋದಿಲ್ಲ. ಮಗಳ ಗೊಂಬೆಗಳು ಪ್ಲಾಸ್ಟಿಕ್ ಚೀಲದಲ್ಲಿ ಒಂದು ದಿನ ಫ್ರೀಜರಿನಲ್ಲಿ, ಆಮೇಲೆ ಒಗೆತ. ಮೊದಲ ಸಲ ಬಟಾಣಿ ಪಕ್ಕ ಕರಡಿ ನೋಡಿ ಅತ್ತಿದ್ದಳು ಪಾಪ.

ಕೆಲಸದ ಮಾವಶಿಗೆ ಒಣ ಪೊರಕೆ ಬೇಡ, ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ ಅಂತ ಒಪ್ಪಿಸೋಕೆ ಎರಡು ವಾರ ಬೇಕಾಯ್ತು.

ಕಷ್ಟ ಆಗಿದ್ದು ಕೌದಿ. ಅಜ್ಜಿ ಹಳೇ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಜೋಡಿಸಿ ಹೊಲೆದಿದ್ದು, ಹತ್ತು ವರ್ಷದಿಂದ ನನ್ನ ಮೈಮೇಲೆ. ಫೋನಿನಲ್ಲಿ ಅವ್ವನಿಗೆ ಹೇಳಿದರೆ, “ಅಜ್ಜಿ ಹೊಲದ ಕೌದ್ಯಾಗ ಹುಳ ಎಲ್ಲಿಂದ ಬರ್ತಾವೋ, ಬಿಸಲಿಗೆ ಹಾಕು, ಸಾಕು” ಅಂದಳು. ಅವ್ವನ ಮಾತು ಅರ್ಧ ನಿಜ. ಏಪ್ರಿಲ್ ಬಿಸಿಲಿಗೆ ಹುಳ ಸಾಯುತ್ತದೆ, ಹಿಕ್ಕೆ ಅಲ್ಲೇ ಉಳಿಯುತ್ತದೆ, ಮೇಲಿಂದ ಕೋಲಿನಿಂದ ಬಡಿದರೆ ಅದೆಲ್ಲ ನಮ್ಮ ಮೂಗಿಗೇ. ಮಳೆ ಬಿಡುವು ಕೊಟ್ಟಾಗ ಬಾಲ್ಕನಿಗೆ ಹಾಕೋಣವೆಂದರೆ ಪಕ್ಕದ ಪ್ಲಾಟಿನ ಪರಾಗ ಬಂದು ಕೂರುತ್ತದೆ, ಅದಕ್ಕೂ ನನಗೆ ಸ್ವಲ್ಪ ಅಲರ್ಜಿ ಇದೆಯಲ್ಲ. ಹಾಗಾಗಿ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಬಟ್ಟೆಯೆಲ್ಲ ಒಳಗೇ, ಹಾಲಿನಲ್ಲಿ ಫ್ಯಾನ್ ಕೆಳಗೆ ಒಣಗುತ್ತದೆ, ಮಲಗೋ ಕೋಣೆಯಲ್ಲಂತೂ ಬೇಡವೇ ಬೇಡ, ತೇವ ಏರುತ್ತದೆ. ಟೇಕಡಿಯಿಂದ ಬಂದ ತಕ್ಷಣ ಅಂಗಿ ಬದಲಿಸಿ ತಲೆಸ್ನಾನ.

ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ಬಿಟ್ಟಿಲ್ಲ. ಕವರು ಬಂದ ದಿನವೇ ಏನೂ ಬದಲಾಗಲಿಲ್ಲ, ಎರಡು ಮೂರು ತಿಂಗಳು ಹಿಡಿಯಿತು. ಈಗ ಬೆಳಿಗ್ಗೆ ನಾಲ್ಕೈದು ಸೀನು, ಊರಿಗೆ ಹೋಗಿ ಹತ್ತಿ ಗಾದಿ ಮೇಲೆ ಮಲಗಿದರೆ ಮಾತ್ರ ಮತ್ತೆ ಇಪ್ಪತ್ತು. ಕೌದಿಯನ್ನೂ ಹೋದ ಮೇ ತಿಂಗಳಲ್ಲಿ 60ಕ್ಕೆ ಹಾಕಿಯೇ ಬಿಟ್ಟೆ. ಹುಳ ಸತ್ತವೋ ಏನೋ, ಸೀರೆಯ ಕೆಂಪು ಬಣ್ಣ ಬಿಟ್ಟು ಅರ್ಧ ಕೌದಿ ಗುಲಾಬಿಯಾಯ್ತು. ಅವ್ವನಿಗೆ ಇನ್ನೂ ಹೇಳಿಲ್ಲ.