ಹನ್ನೊಂದು ತಪಸ್ಸುಕಾಲ, ಒಂದೇ ಪಟ್ಟಿ

ಚರ್ಚಿನಲ್ಲಿ ಗುರುಗಳ (ಪಾದ್ರಿಗಳ) ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆಗೆ ನಾನು ಒಂದು ವರ್ಷವೂ ತಪ್ಪಿಸಿಕೊಂಡವನಲ್ಲ. ವರ್ಷಕ್ಕೊಂದು ಸಲವಾದರೂ ಮಾಡಲೇಬೇಕು ಅನ್ನೋದು 1215ರಲ್ಲಿ ಕಥೋಲಿಕ ಬಿಷಪರೆಲ್ಲ ಸೇರಿದ್ದ ಲ್ಯಾಟರನ್ ಸಭೆಯಿಂದ ಬಂದ ಕಟ್ಟಳೆ. ಅದನ್ನು ಪಾಲಿಸಿಕೊಂಡೇ ಪಶ್ಚಾತ್ತಾಪದಿಂದ ನುಣುಚಿಕೊಂಡೆ.

ಅಪ್ಪ ಆಸ್ಪತ್ರೆ ಸೇರಿದಾಗ ಕುವೈತ್‌ನಲ್ಲಿದ್ದ ತಂಗಿ 60,000 ಕಳಿಸಿದ್ದಳು. ಬಿಲ್ಲು ಆಗಿದ್ದು 38,000. ಉಳಿದದ್ದರಲ್ಲಿ ನನ್ನ ಬೈಕ್ ಸಾಲ ತೀರಿಸಿದೆ. ಅವಳಿಗೆ ಮಾತ್ರ 'ಎಲ್ಲ ಖರ್ಚಾಯ್ತು' ಅಂದೆ.

ತಪಸ್ಸುಕಾಲ ಅಂದರೆ ಪಾಸ್ಕ ಹಬ್ಬಕ್ಕೆ (ಈಸ್ಟರ್‌ಗೆ) ಮುಂಚಿನ ಉಪವಾಸ, ಪಶ್ಚಾತ್ತಾಪದ ದಿನಗಳು. ಆಮೇಲಿನ ಹನ್ನೊಂದು ತಪಸ್ಸುಕಾಲದಲ್ಲೂ ಗುರುಗಳ ಮುಂದೆ ನನ್ನ ಪಾಪದ ಪಟ್ಟಿ ಒಂದೇ. ಕೋಪ ಮಾಡಿಕೊಂಡೆ, ಪ್ರಾರ್ಥನೆ ತಪ್ಪಿಸಿದೆ, ಸುಳ್ಳು ಹೇಳಿದೆ. ಸುಳ್ಳು ಅಂದರೆ ಅದೂ ಸೇರಿತಲ್ವಾ! ನಮ್ಮ ಗುರುಗಳಿಗೆ ನನ್ನ ದನಿ ಗೊತ್ತು. ಕೇಳಿದ್ದನ್ನು ಅವರು ಯಾರಿಗೂ ಹೇಳುವಂತಿಲ್ಲ ಅನ್ನೋದೂ ನನಗೆ ಗೊತ್ತು. ಆದರೂ ಹೊರಗಿನಿಂದ ಬಂದ ಗುರುಗಳ ಸಾಲಿನಲ್ಲೇ ನಿಲ್ಲುತ್ತಿದ್ದೆ. ಅದೂ ಪೂಜೆಗೆ ಹತ್ತು ನಿಮಿಷ ಇರುವಾಗ. ಅವಸರದಲ್ಲಿ ಯಾರೂ ಜಾಸ್ತಿ ಕೇಳಲ್ಲ. ಮೂರು ಸಲ 'ನಮೋ ಮರಿಯಾ' ಪ್ರಾರ್ಥನೆ ಹೇಳಿದರೆ ಪ್ರಾಯಶ್ಚಿತ್ತ ಮುಗೀತು.

ಉಪದೇಶ ಕೇಳುವಾಗ ಇನ್ನೊಂದು ಉಪಾಯ. ಬೈಬಲಿನಲ್ಲಿ, ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಶ್ರೀಮಂತನ ಕಥೆ ಹೇಳಿ ನಾತಾನ ಪ್ರವಾದಿ, ಬೇರೆಯವನ ಹೆಂಡತಿಯನ್ನು ಕಿತ್ತುಕೊಂಡಿದ್ದ ದಾವೀದ ರಾಜನನ್ನೇ ಹಿಡಿದು ಹಾಕಿದ್ದು ಗೊತ್ತಲ್ಲ? ಅದನ್ನು ಕೇಳುತ್ತಾ ನಾನು ಮುಂದಿನ ಬೆಂಚಿನವನನ್ನೇ ನೋಡುತ್ತಿದ್ದೆ. ಅಣ್ಣನ ಗದ್ದೆ ಒತ್ತಿಕೊಂಡವನು ಅವನು. ಇವತ್ತು ಇವನಿಗೆ ಸರಿಯಾಗಿ ಬಿತ್ತು ಅಂತ ಖುಷಿ. ದಾವೀದನಿಗೂ ಕಥೆ ಮುಗಿಯುವವರೆಗೆ ಸಿಟ್ಟು ಬಂದಿದ್ದು ಆ ಶ್ರೀಮಂತನ ಮೇಲೇ.

ಈ ವರ್ಷ ಸಿಕ್ಕವರು ವಯಸ್ಸಾದ ಗುರುಗಳು. ಕಿವಿ ಸ್ವಲ್ಪ ಮಂದ. "ಸುಳ್ಳು ಹೇಳಿದೆ" ಅಂದೆ. "ಯಾರಿಗೆ?" ಅಂದರು. ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಹಿಂದೆ ಸಾಲಿನಲ್ಲಿ ಯಾರೋ ಕೆಮ್ಮಿದರು. "ತಂಗಿಗೆ" ಅಂದೆ, ಮೆಲ್ಲಗೆ. "ಎಷ್ಟು?" ಅಂದರು. ದುಡ್ಡಿನ ಮಾತು ನಾನು ಎತ್ತಿಯೇ ಇರಲಿಲ್ಲ! ಎಷ್ಟು ಸಲ ಅಂತ ಕೇಳಿದರೋ ಏನೋ. ನನ್ನ ಬಾಯಿಂದ ಬಂದದ್ದು "ಇಪ್ಪತ್ತೆರಡು ಸಾವಿರ".

ಅವರು ಬೈಯಲಿಲ್ಲ. ಎಲ್ಲ ಕೇಳಿಸಿಕೊಂಡು, ಹಿಂದಕ್ಕೆ ಕೊಡು, ಬಾಯಿಬಿಟ್ಟು ಹೇಳು ಅಂದರು.

ಆ ರಾತ್ರಿ ತಂಗಿಗೆ ಫೋನ್ ಮಾಡಿದೆ. ಈಗ ಅವಳು ಮೈಸೂರಿನಲ್ಲಿದ್ದಾಳೆ. ಹಲಸಿನ ಹಣ್ಣಿನ ಬಗ್ಗೆ ಮಾತಾಡಿ ಇಟ್ಟೆ. ವಾರ ಬಿಟ್ಟು ಅಷ್ಟೂ ದುಡ್ಡು ಗೂಗಲ್ ಪೇನಲ್ಲಿ ಕಳಿಸಿದೆ. ಯಾಕೆ ಅಂತ ಬರೆಯುವ ಜಾಗದಲ್ಲಿ 'ಸಾಲ' ಅಂತ ಟೈಪ್ ಮಾಡಿ ಅಳಿಸಿದೆ. 'ಪಾಸ್ಕ ಹಬ್ಬಕ್ಕೆ' ಅಂತ ಹಾಕಿದೆ.

ತಕ್ಷಣ ಮೆಸೇಜ್ ಬಂತು: "ಅಯ್ಯೋ ಅಣ್ಣ, ಇಷ್ಟೊಂದು ಯಾಕೆ? ನಿನ್ನದು ದೊಡ್ಡ ಮನಸ್ಸು."

ಇನ್ನೂ ಉತ್ತರ ಬರೆದಿಲ್ಲ.