ಕುರಿ ಪಾತ್ರಕ್ಕೆ ಮಾತಿಲ್ಲ

ಮೊದಲೆರಡು ವರ್ಷ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಅಂದ್ರೆ ಬರೀ ಓಡಾಟ. ಊರು ಸಣ್ಣದು, ನಡೆಯುವುದು ನಾಲ್ಕೈದು ಕಾರ್ಯಕ್ರಮ. ಎಲ್ಲವನ್ನೂ ಮಕ್ಕಳಿಗೆ ತೋರಿಸಿಯೇ ಬಿಡಬೇಕು ಅನ್ನೋ ಹಟ ನನ್ನದು. ದೀಪ ಬೆಳಗಿಸುವುದು, ಕ್ಯಾರಲ್ ಅಂದ್ರೆ ಕ್ರಿಸ್‌ಮಸ್ ಹಾಡು, ಗೋದಲಿ ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಯೇಸುವಿನ ಜನನದ ಮಕ್ಕಳ ನಾಟಕ, ನಡುರಾತ್ರಿಯ ಪೂಜೆ. ಫೋನಿನಲ್ಲಿ ಪಟ್ಟಿ ಇಟ್ಟುಕೊಂಡು ಒಂದೊಂದಕ್ಕೇ ಗೀಟು ಹಾಕುತ್ತಾ ಹೋಗುತ್ತಿದ್ದೆ. ಎರಡನೇ ವರ್ಷ ಪೂಜೆ ಶುರುವಾಗುವ ಹೊತ್ತಿಗೆ ಮಗ ನನ್ನ ಹೆಗಲ ಮೇಲೆ ಗೊರಕೆ ಹೊಡೆಯುತ್ತಿದ್ದ. ಮಗಳು ಹೊಸ ಶೂ ಕಚ್ಚುತ್ತಿದೆ ಅಂತ ಅಳುತ್ತಿದ್ದಳು. ನಾನೂ ಹೆಂಡತಿಯೂ ಮಾತು ಬಿಟ್ಟು ಒಂದು ಗಂಟೆ ಆಗಿತ್ತು. ಫೋಟೋಗಳು ಮಾತ್ರ ಚೆನ್ನಾಗಿ ಬಂದಿದ್ದವು.

ಮೂರನೇ ವರ್ಷ ದಾರಿ ಬದಲಾಗಿದ್ದು ನನ್ನ ಜಾಣತನದಿಂದಲ್ಲ. ನಾಟಕಕ್ಕೆ ಒಂದು ಕುರಿ ಕಡಿಮೆ ಬಿದ್ದಿತ್ತು. “ನಿಮ್ಮ ಹುಡುಗನ್ನ ಕಳಿಸ್ತೀರಾ?” ಅಂತ ಕೇಳಿದರು. ಸಣ್ಣ ಊರಿನ ದೊಡ್ಡ ಅನುಕೂಲ ಇದೇ ನೋಡಿ, ಯಾವ ಕೆಲಸಕ್ಕೂ ಒಬ್ಬರು ಕಡಿಮೆ ಇರುತ್ತಾರೆ. ದೊಡ್ಡ ನಗರದಲ್ಲಿ ನಿಮ್ಮನ್ನು ಬ್ಯಾರಿಕೇಡಿನಾಚೆ ನಿಲ್ಲಿಸುತ್ತಾರೆ. ಇಲ್ಲಿ ಸುಮ್ನೆ ನೋಡ್ತಾ ನಿಂತರೆ ಕೈಗೆ ಏಣಿ ಕೊಡುತ್ತಾರೆ.

ಕುರಿಯ ಉಡುಪಿಗೆ ಎರಡು ಸಂಜೆ ಹಿಡಿಯಿತು. ಹಳೇ ಬಿಳಿ ಬನಿಯನ್‌ಗೆ ಹತ್ತಿ ಅಂಟಿಸುವ ಯೋಚನೆ. ಮೊದಲ ಸಲ ಅಂಟು ಜಾಸ್ತಿಯಾಗಿ ಹತ್ತಿಯೆಲ್ಲ ಚಪ್ಪಟೆಯಾಯಿತು, ಮಳೆಯಲ್ಲಿ ನೆಂದ ಕುರಿಯ ಹಾಗೆ. ಸಾಲದ್ದಕ್ಕೆ ಬನಿಯನ್ನಿನ ಮುಂಭಾಗ ಹಿಂಭಾಗಕ್ಕೆ ಅಂಟಿಕೊಂಡು ತಲೆ ತೂರಿಸಲು ಜಾಗವೇ ಇರಲಿಲ್ಲ. ಮತ್ತೊಂದು ಬನಿಯನ್ ತಂದು ಒಳಗೆ ರಟ್ಟು ಇಟ್ಟೆ. ಹತ್ತಿಯನ್ನು ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಬುಡಕ್ಕಷ್ಟೇ ಒಂದು ಚುಕ್ಕೆ ಅಂಟು ತಾಗಿಸಿ ಒತ್ತಿದೆ. ಈ ಸಲ ಮೈತುಂಬಾ ಉಣ್ಣೆ ಬಂತು. ಒಂದು ಎಚ್ಚರಿಕೆ: ಹತ್ತಿಗೆ ಬೇಗ ಬೆಂಕಿ ಹತ್ತಿಕೊಳ್ಳುತ್ತದೆ. ಹಾಗಾಗಿ ನಮ್ಮ ಕುರಿಯ ಹತ್ತಿರ ಮೇಣದಬತ್ತಿ ಇಲ್ಲ, ಬ್ಯಾಟರಿ ದೀಪ ಮಾತ್ರ.

ಕುರಿಗೆ ಮಾತಿರಲಿಲ್ಲ. ಸುಮ್ಮನೆ ಕೂರಬೇಕಿತ್ತು. ದೇವದೂತ ಬಂದು “ಹೆದರಬೇಡಿ” ಅಂದಿದ್ದೇ ತಡ, ನಮ್ಮ ಕುರಿ ಗಟ್ಟಿಯಾಗಿ “ನಾನೇನ್ ಹೆದರಿಲ್ಲ” ಅಂದುಬಿಟ್ಟಿತು.

ಅಷ್ಟರಲ್ಲಿ ಹೆಂಡತಿ, ಮಗಳು ಗೋದಲಿ ಕಟ್ಟುವವರ ಜೊತೆ ಸೇರಿಕೊಂಡಿದ್ದರು. ರಟ್ಟಿನ ಡಬ್ಬಗಳನ್ನು ಮಗುಚಿ, ಮೇಲೆ ಮುದ್ದೆ ಮಾಡಿ ಬಿಡಿಸಿದ ಕಂದು ಕಾಗದ ಹೊದಿಸಿದರೆ ಬೆಟ್ಟ. ಅಲ್ಲಿದ್ದ ಹಿರಿಯರೊಬ್ಬರು ಮಗಳಿಗೆ ಗೋದಲಿಯ ಕಥೆ ಹೇಳಿದರಂತೆ. 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಇಟಲಿಯ ಗ್ರೆಚ್ಚೋ ಎಂಬ ಪುಟ್ಟ ಊರಿನಲ್ಲಿ ಹುಲ್ಲು ತುಂಬಿದ ಮೇವಿನ ತೊಟ್ಟಿ ಇಟ್ಟು, ಪಕ್ಕದಲ್ಲಿ ನಿಜವಾದ ಎತ್ತು, ಕತ್ತೆ ತಂದು ನಿಲ್ಲಿಸಿದ್ದರು. ಅದೂ ಸಣ್ಣ ಊರೇ, ಅಲ್ವಾ?

ಮಗಳು ಅಷ್ಟಕ್ಕೇ ಬಿಡುವವಳಲ್ಲ. “ಬೈಬಲ್‌ನಲ್ಲಿ ಎತ್ತು, ಕತ್ತೆ ಎಲ್ಲಿದೆ ತೋರಿಸು” ಅಂದಳು. ಕೂತು ಓದಿದೆವು. ಮತ್ತಾಯ, ಲೂಕ ಇಬ್ಬರೂ ಹೇಳುವ ಜನನದ ಕಥೆಯಲ್ಲಿ ಅವೆರಡೂ ಇಲ್ಲ! ಮಗುವನ್ನು ನೋಡಲು ಬಂದ ಮೂಡಣ ದೇಶದ ಜ್ಞಾನಿಗಳು ಮೂವರು ಅಂತಲೂ ಬರೆದಿಲ್ಲ. ಮೂರು ಇರುವುದು ಕಾಣಿಕೆ: ಚಿನ್ನ, ಧೂಪ, ರಕ್ತಬೋಳ. ಹಾಗಾದ್ರೆ ಇನ್ನೊಬ್ಬರು ಇದ್ದಿರಬಹುದು ಅಂತ ಮನೆಯ ಗೋದಲಿಗೆ ಅವಳೇ ಮಣ್ಣಿನಲ್ಲಿ ನಾಲ್ಕನೆಯವನನ್ನು ಮಾಡಿದಳು. ಅವನ ಕೈ ಖಾಲಿ. ಕಾಣಿಕೆ ಮರೆತು ಬಂದನಂತೆ.

ಮನೆಯ ಗೋದಲಿಯಲ್ಲಿ ಬಾಲಯೇಸುವನ್ನು 24ರ ರಾತ್ರಿಯವರೆಗೆ ಇಡುವುದಿಲ್ಲ. ಜ್ಞಾನಿಗಳು ಪುಸ್ತಕದ ಕಪಾಟಿನಿಂದ ಹೊರಟು, ದಿನಕ್ಕೆ ಒಂದೆರಡು ಗೇಣು ನಡೆದು, ಅವರು ಯೇಸುವನ್ನು ಕಂಡ ಹಬ್ಬದ ದಿನವಾದ ಜನವರಿ 6ಕ್ಕೆ ತಲುಪುತ್ತಾರೆ. ಇವತ್ತು ಅವರನ್ನು ಯಾರು ಸರಿಸಬೇಕು ಅಂತ ಬೆಳಿಗ್ಗೆ ಎದ್ದ ಕೂಡಲೇ ಜಗಳ. 25ಕ್ಕೇ ಹಬ್ಬ ಮುಗಿದ ಬೇಜಾರು ಈಗಿಲ್ಲ.

ನನ್ನ ಗಂಟಲು ಕ್ಯಾರಲ್‌ಗೆ ಆಗದು. ಹಾಗಾಗಿ ಹಾಡುವವರ ಮೇಣದಬತ್ತಿಗೆ ರಟ್ಟಿನ ಬಿಲ್ಲೆ ಮಾಡಿಕೊಡುವುದು ನನ್ನ ಪಾಲಿನ ಕೆಲಸ. ನಡುವೆ ದುಂಡಗೆ ತೂತು ಕೊರೆದರೆ ಬಿಲ್ಲೆ ಜಾರುತ್ತದೆ. ಅಡ್ಡಕ್ಕೊಂದು ಉದ್ದಕ್ಕೊಂದು ಸೀಳು ಹಾಕಿ ಮೇಣದಬತ್ತಿ ತೂರಿಸಿದರೆ ಗಟ್ಟಿಯಾಗಿ ನಿಲ್ಲುತ್ತದೆ, ಕೈ ಮೇಲೆ ಮೇಣ ಬೀಳಲ್ಲ.

ನಡುರಾತ್ರಿಯ ಪೂಜೆ ಬಿಟ್ಟೆವು. ಮೊದಲು ಮನಸ್ಸು ಒಪ್ಪಲಿಲ್ಲ. ಆದರೆ 24ರ ಸಂಜೆಯ ಪೂಜೆಯೂ ಕ್ರಿಸ್‌ಮಸ್ ಪೂಜೆಯೇ. ಮಧ್ಯಾಹ್ನ ಮಕ್ಕಳನ್ನು ಒಂದು ಗಂಟೆ ಮಲಗಿಸಿ, ಹಳೇ ಚಪ್ಪಲಿ ಹಾಕಿಸಿಯೇ ಕರೆದುಕೊಂಡು ಹೋಗುತ್ತೇವೆ. ಪಟ್ಟಿ ಅಳಿಸಿದ್ದೇನೆ.

ಈ ವರ್ಷ ಕುರಿಯ ಬನಿಯನ್ ಹೊಕ್ಕುಳ ಮೇಲೇ ನಿಲ್ಲುತ್ತಿದೆ. ಮಗನಿಗೆ ಈಗ ಕುರುಬನ ಪಾತ್ರ ಬೇಕಂತೆ. ಅದಕ್ಕೆ ಮೂರು ಮಾತಿದೆ. ಆಗಲೇ ಏಳು ಮಾಡಿಕೊಂಡಿದ್ದಾನೆ.